ಬಿನ್, ಕೋಂ

ಅರಸೀಕೆರೆಯಲ್ಲಿ ಮುತವಲ್ಲಿ ಬಿದ್ದದ್ದು ಒಂದು ಜುಮ್ಮಾದ ದಿನ,
ಕೊಬ್ಬರಿ ಹರಾಜಿನ ಗದ್ದಲ ಇನ್ನೂ ಮುಗಿದಿರಲಿಲ್ಲ.
ಇಪ್ಪತ್ತಾರು ವರ್ಷ. ವಕ್ಫಿನ ಹನ್ನೊಂದು ಮಳಿಗೆ, ಒಂದು ಚಂದಾಪೆಟ್ಟಿಗೆ,
ಪೆಟ್ಟಿಗೆಯ ಬೀಗದ ಕೈ ಜುಬ್ಬದ ಒಳಜೇಬಲ್ಲಿ,
ಒಳಜೇಬು ಎದೆಯ ಎಡಕ್ಕೆ.
ಲೆಕ್ಕ ಕೇಳಿದವನ ಮನೆಯ ಮದುವೆಗೆ ಕಾಜಿ ಬರುತ್ತಿರಲಿಲ್ಲ,
ಮಯ್ಯತ್ತಿಗೆ ಡೋಲಾ ಸಿಗುತ್ತಿರಲಿಲ್ಲ.
ನನ್ನ ಅಬ್ಬಾ ಒಮ್ಮೆ ಕೇಳಿದ್ದರು.
ಅವರನ್ನು ನಮ್ಮ ಮನೆಯ ಮಂಚದ ಮೇಲೆಯೇ ಹೊತ್ತರು.

ಅದೇ ವಾರ ಟೀವಿಯಲ್ಲಿ, ಸಮುದ್ರದಾಚೆಯ ಯಾವುದೋ ದೇಶದಲ್ಲಿ,
ಒಬ್ಬನ ಮೂರ್ತಿಗೆ ಹಗ್ಗ ಬಿಗಿದು ಎಳೆಯುತ್ತಿದ್ದರು.
ಅಲ್ಲೇ ಕ್ರೇನ್ ಓಡಿಸುವ ಚಿಕ್ಕಪ್ಪನ ಮಗ ಮುಖ್ತಾರ್
ಫೋನಿನಲ್ಲಿ ನಕ್ಕ: ಆಪಾ, ನಿಲ್ಲಿಸುವಾಗಲೂ ಇದೇ ಕ್ರೇನು,
ಕೆಡಹುವಾಗಲೂ ಇದೇ. ಎರಡರ ಬಾಡಿಗೆಯೂ ಬಾಕಿ.
ಆಮೇಲೆ ದನಿ ತಗ್ಗಿಸಿದ.
ಮೊದಲು ಒಬ್ಬನಿಗೆ ಹೆದರಿದರೆ ಆಗುತ್ತಿತ್ತು.
ಈಗ ಯಾರಿಗೆ ಅಂತ ಯಾರೂ ಹೇಳುತ್ತಿಲ್ಲ.

ನಮ್ಮಲ್ಲಿ ಎರಡು ಗುಂಪು.
ಒಂದಕ್ಕೆ ವಕೀಲ ಸನಾವುಲ್ಲಾ: ಸಂವಿಧಾನ, ಹಕ್ಕು, ಗುಪ್ತ ಮತದಾನ.
ಇನ್ನೊಂದಕ್ಕೆ ಟೈರ್ ಅಂಗಡಿಯ ಉಬೇದ್:
ಮಾತಿಗೊಂದು ಹದೀಸು, ಹದೀಸಿಗೊಂದು ಎತ್ತಿದ ಬೆರಳು.
ಇಶಾ ಮುಗಿದ ಮೇಲೆ ಜಗಳ, ನಲವತ್ತು ರಾತ್ರಿ.
ಬೆರಳಿಗೆ ಹಚ್ಚುವ ಶಾಯಿಯಿಂದ ವಜೂ ಕೆಡುತ್ತದೆಯೇ?
ಬಡ್ಡಿ ತಿನ್ನುವವನಿಗೆ ವೋಟುಂಟೇ,
ಈದಿಗೆ ಮಾತ್ರ ಮುಖ ತೋರಿಸುವವನಿಗೆ?
ಸೋತವನು ಸುಮ್ಮನೆ ಮನೆಗೆ ಹೋಗುತ್ತಾನೆಯೇ?
(ಇದನ್ನು ಕೇಳಿದಾಗ ಎರಡೂ ಕಡೆಯವರು ಚಹಾ ತರಿಸಿದರು.)
ಒಂದೇ ಒಂದು ಮಾತಿಗೆ ತಕ್ಷಣ ಒಪ್ಪಿಗೆಯಾಯಿತು.
ಹೆಂಗಸರ ಹೆಸರು ಪಟ್ಟಿಯಲ್ಲಿ?
ವಕೀಲರು ಕನ್ನಡಕ ಒರೆಸುತ್ತ: ಕಾಲ ಪಕ್ವವಾಗಲಿ.
ಉಬೇದ್ ನೆಲ ನೋಡುತ್ತ: ಅಭೀ ನಕ್ಕೊ.

ಪಟ್ಟಿ ಬರೆಯುವುದಕ್ಕೆ ಮಾತ್ರ ನಾನು ಬೇಕು.
ಉರ್ದು ಶಾಲೆಯಲ್ಲಿ ಕನ್ನಡ ಕಲಿಸುವವಳು, ಅಕ್ಷರ ದುಂಡಗೆ.
ಬರೆದೆ: ಹಯಾತ್ ಪಾಷ ಬಿನ್ ಬುಡೇನ್ ಪಾಷ.
ಸಿಬ್ಗತ್ ಬಿನ್ ನೂರುದ್ದೀನ್. ನೂರುದ್ದೀನ್ ಬಿನ್ ಲತೀಫ್.
ಬಿನ್, ಬಿನ್, ಬಿನ್, ರಾತ್ರಿಯಿಡೀ ನಲ್ಲಿ ತೊಟ್ಟಿಕ್ಕಿದ ಹಾಗೆ.
ತಾಲ್ಲೂಕು ಕಚೇರಿಯ ಕಾಗದದಲ್ಲಿ ನಮಗೂ ಒಂದು ಅಕ್ಷರವಿದೆ: ಕೋಂ.
ಇಂಥವಳು ಕೋಂ ಇಂಥವನು. ಪಹಣಿಗೆ, ಪಡಿತರಕ್ಕೆ ಅಷ್ಟು ಸಾಕು.
ಸಭೆಯಲ್ಲಿ ಇಬ್ಬರೂ ಮೈಕು ಹಿಡಿದು ಕೌಮ್, ಕೌಮ್ ಎಂದು ಕೂಗುವಾಗ
ಪರದೆಯ ಈಚೆ ನಾವು ಮುಸಿಮುಸಿ ನಗುತ್ತಿದ್ದೆವು:
ಕೇಳಿಸ್ತಾ, ನಮ್ಮನ್ನೇ ಕರೀತಿದ್ದಾರೆ.

ಬಿದ್ದ ಮುತವಲ್ಲಿ ಈಗ ಕೊನೆಯ ಸಾಲಿನಲ್ಲಿ ನಿಲ್ಲುತ್ತಾರೆ.
ಪಕ್ಕದ ಜಾಗ ಖಾಲಿ ಬಿಟ್ಟು ನಿಲ್ಲುತ್ತಾರೆ ಜನ.
ಅವರ ಬಲಗೈ ಆಗಾಗ ಎದೆಯ ಎಡಕ್ಕೆ ಹೋಗಿ
ಏನೂ ಸಿಗದೆ ಇಳಿಯುತ್ತದೆ.
ನನಗೆ ಸಂತೋಷವಾಗಬೇಕಿತ್ತು.

ಬಾಂಗಿ ದಸ್ತಗೀರ್ ಸಾಬರಿಗೆ ಎಂಬತ್ತು, ಕಣ್ಣಿಗೆ ಪೊರೆ.
ಬೀರೂರಿನ ಕಡೆಯ ರೈಲಿನ ಸದ್ದಿನ ಮೇಲೆ ಅಸರಿನ ಹೊತ್ತು ಹಿಡಿಯುತ್ತಾರೆ.
ಒಂದು ಸಂಜೆ ನನ್ನ ಪೆನ್ನಿನ ಕರಕರ ಕೇಳಿ ನಿಂತರು.
ಒಂದು ಆಯತ್ ಓದಿ ತಾವೇ ಅರ್ಥ ಹೇಳಿದರು:
ಅವರ ಕೆಲಸಗಳು ಅವರೊಳಗಿನ ಸಮಾಲೋಚನೆಯಿಂದ.
ಟೀಚರಮ್ಮ, ನಿಮ್ಮ ಕನ್ನಡದಲ್ಲಿ ಈ ‘ಅವರು’ ಅಂದರೆ ಯಾರು?
ಸರ್ವನಾಮ, ಎಂದೆ. ಅವನು, ಗಂಡು. ಅವಳು, ಹೆಣ್ಣು.
ಅವರು ಅಂದರೆ...
ಐದನೇ ತರಗತಿಗೆ ಹದಿನಾಲ್ಕು ವರ್ಷ ಹೇಳಿಕೊಟ್ಟದ್ದು
ಗಂಟಲಲ್ಲಿ ಸಿಕ್ಕಿಕೊಂಡಿತು.
ಸಾಬರು ಕಾಯಲಿಲ್ಲ. ರೈಲು ಬಂದಿತ್ತು.

ನಾಳೆ ಪಟ್ಟಿ ಕೊಡಬೇಕು. ನಾನೂರ ಹದಿಮೂರು ಹೆಸರು.
ಪ್ರತಿ ಹೆಸರಿನ ಕೆಳಗೆ ಒಂದು ಗೆರೆ ಖಾಲಿ ಬಿಟ್ಟಿದ್ದೇನೆ.
ಕಾಗದ ದಂಡ, ಎಂದರು ವಕೀಲರು.
ಉಬೇದ್ ಗೆರೆ ಎಣಿಸತೊಡಗಿ ಅರ್ಧಕ್ಕೇ ಬಿಟ್ಟ,
ಅವನ ಬಾಯಲ್ಲಿ ಏನೋ ಬಂದು ವಾಪಸು ಹೋಯಿತು.

ಅಮ್ಮಿ ಒಲೆಯ ಮುಂದಿನಿಂದ ಕೇಳಿದಳು:
ಅಬ್ಬಾನ ಹೆಸರು ಹಾಕಿದೆಯಾ?
ತೀರಿಕೊಂಡವರದು ಹಾಕುವಂತಿಲ್ಲ, ಅಮ್ಮಿ.
ಹೂಂ, ಎಂದಳು. ರೊಟ್ಟಿ ಮಗುಚಿದಳು.
ಹಾಗಾದರೆ ಆ ಜಾಗ ಖಾಲಿ ಇದೆ.
ನನ್ನ ಹೆಸರು ಗೊತ್ತಲ್ಲ ನಿನಗೆ,
ಬರೀ ಹೆಸರು ಬರಿ. ಕೋಂ ಬೇಡ.